ನೂರು ನೀಲ

ದುಃಖವನ್ನು ಅಳೆಯಬಹುದು ಎಂದು ಗೊತ್ತಾದಾಗ ಸರಕಾರಕ್ಕೆ ಮೊದಲು ಹೊಳೆದದ್ದು ರಜೆಯ ವಿಷಯ. ಅಲ್ಲಿಯವರೆಗೆ ಸತ್ತವರು ಯಾರು ಎಂಬುದನ್ನು ನೋಡಿ ರಜೆ ಕೊಡುತ್ತಿದ್ದರು. ತಂದೆಗೆ ಹದಿಮೂರು ದಿನ, ಚಿಕ್ಕಪ್ಪನಿಗೆ ಮೂರು ದಿನ, ಗೆಳೆಯನಿಗೆ ಏನೂ ಇಲ್ಲ. ಚಿಕ್ಕಪ್ಪ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡವನು ಮೂರು ದಿನ ಮನೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದ. ಜೀವದ ಗೆಳೆಯನನ್ನು ಮಣ್ಣು ಮಾಡಿ ಬಂದವನು ಮಧ್ಯಾಹ್ನದ ಪಾಳಿಗೆ ಹಾಜರಾಗುತ್ತಿದ್ದ. ಶೋಕಮಾಪಕ ಬಂದ ಮೇಲೆ ಕಾಯ್ದೆ ಬದಲಾಯಿತು. ಯಾರು ಸತ್ತರು, ಏನು ಹೋಯಿತು ಎಂದು ಯಾರೂ ಕೇಳುವಂತಿಲ್ಲ. ಯಂತ್ರದ ಅಂಕಿ ನಲವತ್ತು ದಾಟಿದರೆ ರಜೆ, ದಾಟದಿದ್ದರೆ ಕೆಲಸ.

ಯಂತ್ರ ಅಂಥ ದೊಡ್ಡದೇನಲ್ಲ. ಕ್ಷೌರದಂಗಡಿಯಲ್ಲಿರುವಂಥ ಒಂದು ಕುರ್ಚಿ, ಅಂಗೈಗೆ ಎರಡು ಬಿಲ್ಲೆ, ಗಂಟಲಿಗೊಂದು ಪಟ್ಟಿ, ಕಣ್ಣಿನ ಕೆಳಗೆ ಉಗುರಿನಷ್ಟು ಗಾತ್ರದ ಸಂವೇದಕ. ಎಂಜಲು ನುಂಗಲು ಎಷ್ಟು ಹೊತ್ತು ಬೇಕು, ಉಸಿರು ಎಲ್ಲಿ ಕಡಿಯುತ್ತದೆ, ಬೆವರಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂಬುದನ್ನು ಒಂಬತ್ತು ನಿಮಿಷ ಗಮನಿಸಿ ಅದು ಒಂದು ಅಂಕಿ ಕೊಡುತ್ತಿತ್ತು. ಅತ್ತರೆ ಅಂಕಿ ಏರುತ್ತಿರಲಿಲ್ಲ, ಅಳದಿದ್ದರೆ ಇಳಿಯುತ್ತಿರಲಿಲ್ಲ. ನಾಟಕ ಮಾಡಲು ಬಂದವರು ಮೊದಲ ವರ್ಷವೇ ಸೋತು ಸುಮ್ಮನಾದರು.

ಜನ ಬಹಳ ಬೇಗ ಹೊಂದಿಕೊಂಡರು. ಧಾರವಾಡದ ಕೇಂದ್ರಕ್ಕೆ ಗಿಳಿ ಹಾರಿಹೋದವರು ಬಂದರು, ಶಾಲೆ ಮುಚ್ಚಿಸಿಕೊಂಡ ಮಾಸ್ತರರು ಬಂದರು. ಕಣ್ಣು ಮಂಜಾಗಿ ಕಸೂತಿ ಬಿಟ್ಟ ಒಬ್ಬ ಮುದುಕಿಗೆ ಎಪ್ಪತ್ತೊಂದು ಬಂತು. ನಲವತ್ತು ವರ್ಷ ಸಂಸಾರ ಮಾಡಿ ಗಂಡನನ್ನು ಕಳೆದುಕೊಂಡ ಇನ್ನೊಬ್ಬಾಕೆಗೆ ಹನ್ನೆರಡು ಬಂತು. ಕುರ್ಚಿಯ ಪಕ್ಕ ನಿಂತಿದ್ದವನು ಸಂಕೋಚದಿಂದ, ಯಂತ್ರ ಒಮ್ಮೊಮ್ಮೆ ತಪ್ಪುತ್ತದೆ ಎಂದ. ಆಕೆ ಸೆರಗು ಸರಿಮಾಡಿಕೊಂಡು, "ಇಲ್ರಿ, ಸರಿ ಐತಿ" ಎಂದು ಎದ್ದುಹೋದಳು.

ಅಂಕಿಯ ಮುಂದೆ ಒಂದು ಮಾನ ಬೇಕಲ್ಲ. ದುಃಖದ ಮಾನಕ್ಕೆ ‘ನೀಲ’ ಎಂದು ಹೆಸರು. ನಲವತ್ತು ನೀಲ, ಎಪ್ಪತ್ತೊಂದು ನೀಲ. ಬಣ್ಣದ ಹೆಸರನ್ನೇ ಇಟ್ಟಿರಬೇಕು ಎಂದು ಜನ ತಿಳಿದಿದ್ದರು. ಅದು ಅಣ್ಣಿಗೇರಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ನೀಲವ್ವ ಹಾದಿಮನಿ ಎಂಬ ಹೆಂಗಸಿನ ಹೆಸರು ಎನ್ನುವುದು ಪ್ರಯೋಗಾಲಯದ ಏಳೆಂಟು ಜನರಿಗೆ ಮಾತ್ರ ಗೊತ್ತಿತ್ತು.

ಆ ಏಳೆಂಟು ಜನರಲ್ಲಿ ಮಾನಪ್ಪ ಬಡಿಗೇರ ಒಬ್ಬ. ಶೋಕಮಾಪನ ಪ್ರಯೋಗಾಲಯದಲ್ಲಿ ಅವನು ಪ್ರಮಾಣ ಅಧಿಕಾರಿ. ಅಂದರೆ ರಾಜ್ಯದ ಎಲ್ಲ ಶೋಕಮಾಪಕಗಳೂ ಒಂದೇ ರೀತಿ ಅಳೆಯುವಂತೆ ನೋಡಿಕೊಳ್ಳುವವನು. ತೂಕದ ಕಲ್ಲಿಗೆ ಮುದ್ರೆ ಒತ್ತುವವರ ಜಾತಿಗೆ ಸೇರಿದ ಕೆಲಸ. ಕಲ್ಲಿಗಾದರೆ ಒಂದು ಮೂಲ ಕಲ್ಲು ಇರುತ್ತದೆ, ದುಃಖಕ್ಕೆ ಎಲ್ಲಿಂದ ತರುವುದು? ಅಂಕಿಯನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಸಾಲದು. ಸಂವೇದಕಗಳು ಹಳೆಯದಾದಂತೆ ಮಂದವಾಗುತ್ತವೆ, ಅವನ್ನು ಮತ್ತೆ ಸರಿಹೊಂದಿಸಲು ಜೀವಂತ ದುಃಖವೇ ಬೇಕು ಎಂದು ವಿಜ್ಞಾನಿಗಳು ನಂಬಿದ್ದರು. ಹಾಗಾಗಿ ಹನ್ನೊಂದು ವರ್ಷದ ಹಿಂದೆ ನಾನೂರು ಜನ ದುಃಖಿತರನ್ನು ಕೂಡಿಸಿ ಪರೀಕ್ಷೆ ಮಾಡಿದರು. ಒಬ್ಬನ ದುಃಖದಲ್ಲಿ ಆಸ್ತಿಯ ಸಿಟ್ಟು ಬೆರೆತಿತ್ತು, ಇನ್ನೊಬ್ಬಳದರಲ್ಲಿ ಡಾಕ್ಟರ ಮೇಲಿನ ಅನುಮಾನ, ಮತ್ತೊಬ್ಬನದರಲ್ಲಿ ಸದ್ಯ ಮುಗಿಯಿತಲ್ಲ ಎಂಬ ಸಮಾಧಾನ. ಕಲಬೆರಕೆ ಇಲ್ಲದ ದುಃಖ ಸಿಕ್ಕಿದ್ದು ಒಬ್ಬಳದೇ. ನೀಲವ್ವನ ಒಬ್ಬಳೇ ಮಗಳು ಕಸ್ತೂರಿ, ನರ್ಸಿಂಗ್ ಓದುತ್ತಿದ್ದವಳು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಯಾರದೂ ತಪ್ಪಿರಲಿಲ್ಲ, ಯಾರನ್ನೂ ಬೈಯುವಂತಿರಲಿಲ್ಲ. ನೀಲವ್ವನಿಗಾದ ದುಃಖವನ್ನು ನೂರು ನೀಲ ಎಂದು ನಿಗದಿ ಮಾಡಿದರು.

ಅಲ್ಲಿಂದ ಪ್ರತಿವರ್ಷ ಮಾರ್ಗಶಿರದಲ್ಲಿ ಪ್ರಯೋಗಾಲಯದ ಜೀಪು ಅಣ್ಣಿಗೇರಿಗೆ ಹೋಗಿ ನೀಲವ್ವನನ್ನು ಕರೆತರುತ್ತಿತ್ತು. ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಕಸ್ತೂರಿ ಎಂದೋ ಫೋನಿನಲ್ಲಿ ಬಿಟ್ಟಿದ್ದ ಒಂದು ಮಾತನ್ನು ಕೇಳಿಸುತ್ತಿದ್ದರು: "ಅವ್ವಾ, ನಾ ಬರೂದು ತಡಾ ಆಗ್ತೈತಿ. ನೀ ಉಣ್ಣ." ಅಷ್ಟೇ. ಪರದೆಯ ಮೇಲೆ ತೊಂಬತ್ತೇಳೋ ತೊಂಬತ್ತೆಂಟೋ ಬರುತ್ತಿತ್ತು. ಸಂವೇದಕ ಸ್ವಲ್ಪ ಮಂದವಾಗಿದೆ ಎಂದುಕೊಂಡು ಮಾನಪ್ಪ ಅದನ್ನು ನೂರಕ್ಕೆ ಏರಿಸಿ ಕೂಡಿಸುತ್ತಿದ್ದ. ಅದೇ ಹೊಂದಾಣಿಕೆ ರಾಜ್ಯದ ಎಲ್ಲ ಯಂತ್ರಗಳಿಗೂ ಹೋಗುತ್ತಿತ್ತು. ನೀಲವ್ವ ತಂದ ಗರಿಗರಿ ಒಣಗಿದ ಕಟಿರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದರು.

ಹನ್ನೊಂದನೆಯ ವರ್ಷ ಪತ್ರಿಕೆಯವರು ಒಂದು ಲೆಕ್ಕ ತೆಗೆದರು. ಕಾಯ್ದೆ ಬಂದಾಗಿನಿಂದ ರಾಜ್ಯದ ಸರಾಸರಿ ದುಃಖ ಕಾಲು ಪಾಲಿಗಿಂತ ಹೆಚ್ಚು ಏರಿತ್ತು. ವಿರೋಧ ಪಕ್ಷದವರು ಇದು ಆಡಳಿತದ ವೈಫಲ್ಯ ಎಂದರು. ಮಂತ್ರಿಗಳು ಜನರ ಮನಸ್ಸು ಮೃದುವಾಗಿದೆ ಎಂದರು. ಒಬ್ಬ ಸ್ವಾಮಿಗಳು ಮೊಬೈಲನ್ನು ಬೈದರು. ಕಾರಣ ಹುಡುಕಿ ವರದಿ ಕೊಡಿ ಎಂಬ ಆದೇಶ ಮಾನಪ್ಪನ ಮೇಜಿಗೆ ಬಂತು.

ಮಾನಪ್ಪ ಬಡಿಗತನದ ಮನೆಯಿಂದ ಬಂದವನು. ಅವನ ಅಪ್ಪನ ಹತ್ತಿರ ಸಾಗವಾನಿಯ ಒಂದು ಗಜಕೋಲಿತ್ತು. ದಿನಾ ನೆಲಕ್ಕೆ ಕುಟ್ಟಿ ಕುಟ್ಟಿ ಅದರ ತುದಿ ಸವೆದಿತ್ತು. ಅಪ್ಪ ಮಾಡಿದ ಕಪಾಟುಗಳೆಲ್ಲ ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಗಿಡ್ಡವಾಗುತ್ತ ಬಂದು, ಕೊನೆಗೊಂದು ದಿನ ಹೊಸ ಬಾಗಿಲು ಹಳೆಯ ಚೌಕಟ್ಟಿಗೆ ಕೂಡದೆ ಮರ್ಯಾದೆ ಹೋಗಿತ್ತು. ಅಪ್ಪ ಮೂರು ದಿನ ಚೌಕಟ್ಟನ್ನೇ ಬೈದಿದ್ದ.

ಮಾನಪ್ಪ ಕಪಾಟಿನಲ್ಲಿ ಮೊದಲ ವರ್ಷದಿಂದ ಮುಚ್ಚಿಟ್ಟಿದ್ದ, ಒಮ್ಮೆಯೂ ಬಳಸದ ಸಂವೇದಕಗಳನ್ನು ಹೊರತೆಗೆದು ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ ಉತ್ತರ ಕೊಟ್ಟವು. ಹನ್ನೊಂದು ವರ್ಷದಲ್ಲಿ ಸಂವೇದಕಗಳು ಮಂದವಾಗಿಯೇ ಇರಲಿಲ್ಲ. ಆಮೇಲೆ ಅವನು ನೀಲಕ್ಕೆ ಪರಿವರ್ತಿಸುವ ಮುಂಚೆ ಸಂವೇದಕ ನೀಲವ್ವನಿಗೆ ಕೊಟ್ಟ ಮೂಲ ಅಂಕಿಗಳನ್ನು ಸಾಲಾಗಿ ಬರೆದ. ಮೊದಲ ವರ್ಷ ಎಂಟುನೂರ ಹನ್ನೆರಡು. ಕಳೆದ ವರ್ಷ ಆರುನೂರ ನಲವತ್ತು. ನಡುವೆ ಒಂದು ವರ್ಷವೂ ಏರಿರಲಿಲ್ಲ.

ರಾಜ್ಯದ ದುಃಖ ಏರಿರಲಿಲ್ಲ. ನೀಲವ್ವನದು ಇಳಿದಿತ್ತು. ಅವಳ ದುಃಖ ಎಷ್ಟೇ ಇಳಿದರೂ ಅದಕ್ಕೆ ನೂರು ಎಂದೇ ಹೆಸರಾದ್ದರಿಂದ ಉಳಿದವರದೆಲ್ಲ ಅಷ್ಟಷ್ಟೇ ದೊಡ್ಡದಾಗಿ ಕಾಣುತ್ತಿತ್ತು.

ಆಗ ಅವನು ತನಗೆ ಯಾರೂ ಹೇಳದ ಇನ್ನೊಂದು ಲೆಕ್ಕ ಮಾಡಿದ. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಸುವರ್ಣಾಗೆ ಗರ್ಭಪಾತವಾಗಿತ್ತು. ಇಬ್ಬರೂ ಕುರ್ಚಿಯಲ್ಲಿ ಕೂತಿದ್ದರು. ಅವನಿಗೆ ಮೂವತ್ತೊಂದು, ಅವಳಿಗೆ ಮೂವತ್ತಾರು. ರಜೆ ಸಿಗಲಿಲ್ಲ. ಆಸ್ಪತ್ರೆಯವರು ಹೇಳಿದ ವಿಶ್ರಾಂತಿ ಮುಗಿದ ಮರುದಿನವೇ ಸುವರ್ಣಾ ಹುಬ್ಬಳ್ಳಿ ಬಸ್‌ ನಿಲ್ದಾಣದ ತನ್ನ ಕೋಣೆಗೆ ಹೋಗಿ, ಮೈಕಿನ ಮುಂದೆ ಕೂತು, ಗದಗ ಕೊಪ್ಪಳ ಹೊಸಪೇಟೆ ಬಸ್ಸು ಎಷ್ಟನೆಯ ಅಂಕಣದಿಂದ ಹೊರಡುತ್ತದೆ ಎಂದು ಹೇಳತೊಡಗಿದಳು. ಆ ಮೂವತ್ತಾರು ಈ ವರ್ಷದ ಯಂತ್ರದಲ್ಲಿ ನಲವತ್ತೊಂದಾಗುತ್ತಿತ್ತು. ಮಾನಪ್ಪ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ.

ನಿರ್ದೇಶಕಿ ಡಾ. ಮಂದಾಕಿನಿ ಇನಾಮದಾರ ವರದಿಯನ್ನು ಎರಡು ಸಲ ಓದಿದರು. ಕೆಟ್ಟವರಲ್ಲ, ಯಾವ ಕಷ್ಟಕ್ಕೂ ಒಂದು ಕಡತ ತೆರೆದರೆ ಅರ್ಧ ಪರಿಹಾರವಾಯಿತು ಎಂದು ನಂಬಿದವರು.

"ಇದನ್ನ ಹಿಂಗ ಕಳಿಸಿದ್ರ ಏನಾಗ್ತದ ಗೊತ್ತದ ಏನು?" ಎಂದರು. "ಹನ್ನೊಂದು ವರ್ಷ ಕೊಟ್ಟ ರಜಾ ಎಲ್ಲಾ ತಪ್ಪು ಅಂತ ನಾವೇ ಬರದು ಕೊಟ್ಟಂಗ. ಸಿಕ್ಕವರೂ ಕೋರ್ಟಿಗೆ ಹೋಗ್ತಾರ, ಸಿಗದವರೂ ಹೋಗ್ತಾರ."

"ಮತ್ತೇನ ಮಾಡೂಣ್ರಿ ಮೇಡಮ್?"

"ಪ್ರಮಾಣ ಸವದದ ಅಂದ್ರ ರಿಪೇರಿ ಮಾಡಬೇಕು. ಅಕಿ ಮಗಳದು ಎರಡನೇ ಧ್ವನಿ ಅದಲ್ಲ, ನಾವು ಇನ್ನೂ ಬಳಸಿಲ್ಲ."

ಮಾನಪ್ಪನಿಗೆ ಗೊತ್ತಿತ್ತು. ನಾಲ್ಕನೆಯ ದಿನ, ಆಸ್ಪತ್ರೆಯ ಹಾಸಿಗೆಯಿಂದ ಕಸ್ತೂರಿ ಅವ್ವನ ಫೋನಿಗೆ ಕಳಿಸಿದ್ದ ನಲವತ್ತು ಸೆಕೆಂಡಿನ ಮಾತು. ನೀಲವ್ವ ಅದನ್ನು ಕೇಳಲಾರದೆ ಫೋನನ್ನೇ ಪ್ರಯೋಗಾಲಯಕ್ಕೆ ಕೊಟ್ಟುಬಿಟ್ಟಿದ್ದಳು. ಮೊದಲ ವರ್ಷ ಇವರೂ ಅದು ವಿಪರೀತವಾದೀತು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ಅದನ್ನ ಕೇಳಿಸಿದ್ರ ಎಂಟುನೂರ ಹನ್ನೆರಡಕ್ಕ ವಾಪಸ್ ಬರ್ತದ" ಎಂದರು ಮಂದಾಕಿನಿ. "ಆದ್ರ ಒಪ್ಪಿಗೆ ಬೇಕು. ಬರವಣಿಗಿಯೊಳಗ. ನೀವೇ ಹೋಗಿ ಬರ್ರಿ, ನಿಮ್ಮ ಪರಿಚಯ ಅದ."

ಅಣ್ಣಿಗೇರಿಯಲ್ಲಿ ನೀಲವ್ವನ ಮನೆಯನ್ನು ಹುಡುಕಬೇಕಾಗಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಪಡಸಾಲೆಯಲ್ಲಿ ಮೂವರು ಹೆಂಗಸರು ಸಾಲಾಗಿ ಕೂತು ಮಾತಾಡುತ್ತ, ನಗುತ್ತ ರೊಟ್ಟಿ ಬಡಿಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವನು ಆ ಮನೆಗೆ ಬಂದದ್ದು ಇದೇ ಮೊದಲು. ಪ್ರತಿಸಲ ಡ್ರೈವರನೇ ಹೋಗಿ ಕರೆತರುತ್ತಿದ್ದ.

"ಬರ್ರಿ ಬಡಿಗೇರ ಸರ, ಒಳಗ ಬರ್ರಿ" ಎಂದು ನೀಲವ್ವ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಎದ್ದಳು. ಐವತ್ತೈದು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಒಳಕೋಣೆಯ ಬಾಗಿಲು ತೆಗೆದು, ಅಲ್ಲಿದ್ದ ಮಂಚವನ್ನು ಸುತ್ತುಹಾಕಿ ಹೋಗಿ ಗೋಡೆಗೊರಗಿಸಿದ್ದ ಕುರ್ಚಿ ಹಾಕಿದಳು.

ಹೊರಗಿನ ಪಡಸಾಲೆಗೆ ಹೊಸದಾಗಿ ಹಸಿರು ಬಣ್ಣ ಬಳಿದಿತ್ತು. ಈ ಕೋಣೆಯ ಸುಣ್ಣ ಮಾತ್ರ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಗೋಡೆಗೆ ಹನ್ನೊಂದು ವರ್ಷದ ಹಿಂದಿನ ಕ್ಯಾಲೆಂಡರು. ಮೊಳೆಗೆ ಬಿಳಿಯ ಕೋಟು. ಕನ್ನಡಿಯ ಮುಂದೆ ಬಾಚಣಿಗೆ, ಅದರಲ್ಲಿ ಕೂದಲು. ಮಂಚದ ಮೇಲೆ ಅರ್ಧ ತೆರೆದಿಟ್ಟ ಪುಸ್ತಕ. ಅದರ ಮೇಲೆ ಧೂಳಿರಲಿಲ್ಲ, ಕೊಡವಿ, ಒರೆಸಿ, ಮತ್ತೆ ಅದೇ ಪುಟಕ್ಕೆ ತೆರೆದಿಟ್ಟದ್ದು ತಿಳಿಯುತ್ತಿತ್ತು.

"ಏನೂ ಬದಲಿ ಮಾಡಿಲ್ರಿ" ಎಂದಳು ನೀಲವ್ವ, ಪರೀಕ್ಷೆಗೆ ಬಂದ ಅಧಿಕಾರಿಗೆ ಹೇಳುವ ಹಾಗೆ. "ನೀವ ಹೇಳಿದ್ರಲ್ಲಾ, ಏನೂ ಬದಲಿ ಮಾಡಬಾರದು ಅಂತ. ಚೀಟಿ ಓದಿ ಹೇಳಿದ್ರಿ. ಹಂಗ ಇಟ್ಟೀನಿ."

ಮಾನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಆಗ ಅವನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅಳತೆಗೆ ಬಂದವರಿಗೆ ಸೂಚನೆ ಓದಿ ಹೇಳುವುದು ಅವನ ಕೆಲಸ. ಒಂದು ಚೀಟಿಯಲ್ಲಿ ಆರು ಸೂಚನೆ. ಮೂರನೆಯದು: ಅಳತೆಗೆ ಮುಂಚಿನ ಇಪ್ಪತ್ನಾಲ್ಕು ತಾಸು ಊಟ, ಔಷಧ, ನಿದ್ದೆ ಮುಂತಾಗಿ ಏನನ್ನೂ ಬದಲಿಸಬಾರದು. ಸಾಲಿನಲ್ಲಿ ಬಹಳ ಜನರಿದ್ದರು. ಅವನು ಚೀಟಿಯನ್ನು ಚುಟುಕು ಮಾಡಿ ಹೇಳುವುದನ್ನು ರೂಢಿಸಿಕೊಂಡಿದ್ದ. ಏನೂ ಬದಲಿ ಮಾಡಬ್ಯಾಡ್ರಿ ಅಮ್ಮಾರ, ಇಲ್ಲೆ ಸಹಿ ಮಾಡ್ರಿ. ಉಳಿದವರೆಲ್ಲ ಒಂದೇ ಸಲ ಅಳತೆ ಮಾಡಿಸಿಕೊಂಡು ಹೋಗುವವರು, ಅವರಿಗೆ ಏನೂ ವ್ಯತ್ಯಾಸವಾಗಲಿಲ್ಲ. ನೀಲವ್ವನಿಗೆ ಮಾತ್ರ ಪ್ರತಿವರ್ಷ ಮುಂದಿನ ಅಳತೆ ಇತ್ತು.

"ನಮ್ಮ ತಂಗಿ ಮಗಳು ಇಲ್ಲೆ ಇದ್ದು ಕಾಲೇಜ ಕಲೀತೀನಿ ಅಂದ್ಳ್ರಿ" ಎಂದು ಅವಳು ಹೇಳುತ್ತಿದ್ದಳು. "ಈ ಮಂಚದ ಮ್ಯಾಲ ಮಲಗಬೇಕಾಗ್ತಿತ್ತು. ಬ್ಯಾಡ ಅಂದೆ. ಖರೇ ಮಾತ ಹೇಳೂ ಹಂಗಿಲ್ಲ, ಗುಟ್ಟ ಅಂತ ಹೇಳಿದ್ರಿ ನೀವು. ತಂಗಿ ಸಿಟ್ಟಾಗಿ ಹೋದಾಕಿ ಇವತ್ತಿಗೂ ಮಾತಾಡಂಗಿಲ್ಲ. ಆ ಹುಡುಗಿಗೆ ಈಗ ಎರಡ ಮಕ್ಕಳಂತ. ಮಾನವಮಿ ಅಮಾಸಿಗೆ ಸತ್ತವರಿಗೆ ಹಿಡಿಯೂ ಎಡಿ ಸೈತ ಹಿಡದಿಲ್ರಿ ಕಸ್ತೂರಿಗೆ. ಎಡಿ ಹಿಡದರ ಮನಸ್ಸು ಹಗರ ಆಗ್ತೈತಿ ಅಂತಾರ. ಹಗರ ಆದ್ರ ನಿಮ್ಮ ಲೆಕ್ಕಾ ಕೆಡ್ತೈತಿ."

ಮಾನಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಒಪ್ಪಿಗೆ ಪತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ.

ನೀಲವ್ವ ದನಿ ತಗ್ಗಿಸಿದಳು. "ಆದ್ರೂ ಕಡಿಮಿ ಆಗಾಕತ್ತೈತ್ರಿ ಸರ. ನಾ ಏನೂ ಮಾಡಿಲ್ಲ. ವರ್ಷಾನಗಟ್ಲೆ ಅಕಿ ಹೆಸರ ತಗಿಯಂಗಿಲ್ಲ, ತಗದ್ರ ಸವೀತೈತಿ ಅಂತ. ಆದ್ರೂ ಮುಂಜಾನೆ ಎದ್ದಕೂಡ್ಲೆ ಮೊದಲಿನಂಗ ನೆನಪಾಗಂಗಿಲ್ಲ. ಮೊದಲ ರೊಟ್ಟಿ ಹಿಟ್ಟ ನೆನಪಾಗ್ತೈತಿ. ಮನ್ನೆ ಹೊರಗ ಕುಂತಾಗ, ರೊಟ್ಟಿ ಬಡಿಯಾಕ ಬರೂ ಗೌರವ್ವ ಏನೋ ಅಂದ್ಳು, ನಾನೂ ನಕ್ಕೆ. ಎದಿ ಧಸಕ್ ಅಂತು. ಇಡೀ ರಾಜ್ಯದ ಲೆಕ್ಕಾ ನನ್ನ ಮ್ಯಾಲ ನಿಂತೈತಿ, ನಾ ಇಲ್ಲೆ ಕುಂತು ನಗಾಕತ್ತೀನಿ."

ಮಾನಪ್ಪ ಬಂದ ಕೆಲಸ ಹೇಳಿದ. ಎರಡನೆಯ ಧ್ವನಿಯನ್ನು ಕೇಳಿಸುವ ವಿಷಯ. ಬೇಡ ಎನ್ನುವ ಹಕ್ಕು ಅವಳಿಗಿದೆ ಎಂಬುದನ್ನು ಎರಡು ಸಲ ಹೇಳಿದ. ಅವಳು ಬೇಡ ಎಂದುಬಿಡಲಿ ಎಂದು ಅವನಿಗೆ ಬಹಳ ಆಸೆಯಿತ್ತು.

ನೀಲವ್ವ ಸ್ವಲ್ಪ ಹೊತ್ತು ಬಾಚಣಿಗೆಯನ್ನು ನೋಡಿದಳು. "ಅದನ್ನ ಕೇಳಿದ್ರ ನಾ ಮತ್ತ ಮೊದಲಿನಂಗ ಆಗ್ತೀನೇನ್ರಿ?"

"ಆಗ್ತೀರಿ ಅಂತಾರ."

"ಆ ವರ್ಷ ನಾ ಹೆಂಗ ಇದ್ದೆ ಅನ್ನೂದು ನನಗ ಗೊತ್ತು" ಎಂದಳು. "ಇರಲಿ, ಕೊಡ್ರಿ ಕಾಗದಾ. ನನ್ನ ಕೈಯಾಗ ಕೊಟ್ಟಿದ್ದು ಹಾಳಾಗೈತಿ ಅಂದ್ರ ನಾನ ಸರಿ ಮಾಡಿ ಕೊಡಬೇಕು."

ಸಹಿಯಾದ ಒಪ್ಪಿಗೆ ಪತ್ರವನ್ನೂ, ಹತ್ತು ರೊಟ್ಟಿಯ ಕಟ್ಟನ್ನೂ ಹಿಡಿದುಕೊಂಡು ಮಾನಪ್ಪ ಬಸ್ಸು ಹತ್ತಿದ. ಹುಬ್ಬಳ್ಳಿಯಲ್ಲಿ ಇಳಿದಾಗ ನಿಲ್ದಾಣದ ತುಂಬ ಸುವರ್ಣಾಳ ದನಿ ಕೇಳುತ್ತಿತ್ತು. ಪ್ರಯಾಣಿಕರ ಗಮನಕ್ಕೆ. ನರಗುಂದ, ಕುಳಗೇರಿ, ಬಾದಾಮಿ. ಅವನು ಕಂಬದ ಹತ್ತಿರ ನಿಂತು ಎರಡು ಮೂರು ಬಸ್ಸಿನ ಹೆಸರು ಕೇಳಿಸಿಕೊಂಡ. ಮನೆಯಲ್ಲಿ ಅವಳು ಅಷ್ಟು ಮಾತನ್ನೂ ಆಡುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವನು ಎಲ್ಲವನ್ನೂ ಹೇಳಿದ. ಗುಟ್ಟು ಎಂಬುದನ್ನು ಗಾಳಿಗೆ ತೂರಿ ನೀಲವ್ವನ ವಿಷಯ ಹೇಳಿದ, ಚೀಟಿಯ ವಿಷಯ ಹೇಳಿದ, ಕೊನೆಗೆ ಜೇಬಿನಲ್ಲಿದ್ದ ಕಾಗದವನ್ನೂ ತೆಗೆದು ಮುಂದಿಟ್ಟ. "ನಿಂದು ಮೂವತ್ತಾರು ಬಂದಿತ್ತಲ್ಲ. ಈಗಾದ್ರ ನಲವತ್ತೊಂದು ಆಗ್ತಿತ್ತು."

ಸುವರ್ಣಾ ಕಾಗದ ಮುಟ್ಟಲಿಲ್ಲ. "ಅಂದ್ರ ಈಗ ನನಗ ಅವತ್ತ ದುಃಖ ಆಗಿತ್ತು ಅಂತ ಆತೇನು?"

"ಹಂಗಲ್ಲ."

"ಅವತ್ತ ನೀವು ಏನಂದ್ರಿ ನೆನಪೈತೇನು? ‘ಮೂವತ್ತಾರು ಬಂದೈತಿ, ನಲವತ್ತರ ಒಳಗ ಐತಿ, ಹೆದರೂವಂಥಾದ್ದೇನಿಲ್ಲ’ ಅಂದ್ರಿ. ಜ್ವರದ ಲೆಕ್ಕಾ ಹೇಳಿದಂಗ. ನಾನೂ ಹೌದೇನೋ ಅನ್ಕೊಂಡೆ. ಒಳಗ ಹೊಟ್ಟಿ ಕಿತ್ತು ಬರ್ತಿತ್ತು, ಆದ್ರ ನಲವತ್ತು ಆಗಿಲ್ಲಲ್ಲ, ಅಳಾಕ ನನಗೇನ ಹಕ್ಕೈತಿ ಅಂತ ಸುಮ್ಮನಾದೆ." ಅವಳ ದನಿ ಏರಲಿಲ್ಲ, ಬಸ್ಸಿನ ಹೆಸರು ಹೇಳುವಾಗ ಇರುವಷ್ಟೇ ಇತ್ತು. "ನೀವು ಅಂಕಿ ನೋಡಿದ್ರಿ. ಏನಾತು ಅಂತ ಕೇಳಲಿಲ್ಲ."

ಮಾನಪ್ಪ ಕಾಗದವನ್ನು ತಿರುಗಿ ಜೇಬಿಗಿಟ್ಟುಕೊಂಡ. ಅವಳು ಎದ್ದು ನೀರು ತಂದಳು. ಒಳಗೆ ಹೋಗುವ ಮುಂಚೆ, "ಆ ಅವ್ವಗ ನಿಜ ಹೇಳ್ರಿ" ಎಂದಳು. "ರಿಪೇರಿಗಿಂತ ಮೊದಲ ಹೇಳ್ರಿ."

ಅಳತೆಯ ದಿನ ನೀಲವ್ವ ಒಗೆದ ಇಳಕಲ್ ಸೀರೆ ಉಟ್ಟು ಬಂದಳು. ಪದ್ಧತಿಯಂತೆ ರೊಟ್ಟಿ ಗಂಟನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು. ಮಾನಪ್ಪ ಅಂಗೈಗೆ ಬಿಲ್ಲೆ, ಗಂಟಲಿಗೆ ಪಟ್ಟಿ ಹಚ್ಚಿದ. ಗಾಜಿನ ಆಚೆ ಮಂದಾಕಿನಿ ಪರದೆಯ ಮುಂದೆ ಕೂತಿದ್ದರು. ಹಳೆಯ ಮಾತು ಕೇಳಿಸಿದಾಗ ಮೂಲ ಅಂಕಿ ಆರುನೂರ ಹದಿನೆಂಟಕ್ಕೆ ಬಂದು ನಿಂತಿತು. ಕಳೆದ ವರ್ಷಕ್ಕಿಂತಲೂ ಇನ್ನಷ್ಟು ಕಡಿಮೆ.

"ಎರಡನೇದು ಹಚ್ಚರಿ" ಎಂದು ಮಂದಾಕಿನಿ ಧ್ವನಿವರ್ಧಕದಲ್ಲಿ ಹೇಳಿದರು.

ಗುಂಡಿ ಮಾನಪ್ಪನ ಬಲಗೈ ಹತ್ತಿರವಿತ್ತು. ನೀಲವ್ವ ಕಣ್ಣು ಮುಚ್ಚಿ, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವನು ಗುಂಡಿ ಒತ್ತದೆ ಕಡತದಿಂದ ಹಳದಿಯಾದ ಚೀಟಿಯನ್ನು ತೆಗೆದ.

"ಅಮ್ಮಾರ, ಹನ್ನೊಂದು ವರ್ಷದ ಹಿಂದ ನಾ ನಿಮಗ ಇದನ್ನ ಪೂರ್ತಿ ಓದಿ ಹೇಳಲಿಲ್ಲ. ಈಗ ಓದ್ತೀನಿ" ಎಂದು ಮೂರನೆಯ ಸೂಚನೆಯನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಓದಿದ.

ನೀಲವ್ವ ಕಣ್ಣು ತೆರೆದಳು. "ಇಪ್ಪತ್ನಾಲ್ಕು ತಾಸು ಅಂದ್ರ?"

"ಒಂದ ದಿವಸ. ಅಳತಿ ಹಿಂದಿನ ದಿವಸ ಅಷ್ಟ."

"ಒಂದ ದಿವಸ" ಎಂದಳು ಅವಳು.

"ಮಂಚ ತಗೀಬಾರದು ಅಂತ ಇರಲಿಲ್ರಿ. ತಂಗಿ ಮಗಳನ್ನ ಇಟ್ಕೋಬಾರದು ಅಂತ ಇರಲಿಲ್ಲ. ಎಡಿ ಹಿಡೀಬಾರದು ಅಂತ ಎಲ್ಲೂ ಬರದಿಲ್ಲ. ಗದ್ದಲಿತ್ತು, ನಾ ಅವಸರದಾಗ ಅರ್ಧಾ ಬಿಟ್ಟೆ. ತಪ್ಪು ನಂದು. ನಿಮ್ಮ ಕೈಯಾಗ ಏನೂ ಹಾಳಾಗಿಲ್ಲ. ಕಡಿಮಿ ಆಗಬೇಕಾದದ್ದು ಕಡಿಮಿ ಆಗೈತಿ."

ನೀಲವ್ವ ಅಳಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ ಕೂತಳು. ಆ ಗೋಡೆಯಲ್ಲಿ ಅವಳಿಗೆ ಏನೇನು ಕಂಡಿತೋ, ತಂಗಿಯೋ, ತಂಗಿಯ ಮಗಳ ಮಕ್ಕಳೋ, ಹನ್ನೊಂದು ಅಮಾವಾಸ್ಯೆಗಳೋ. ಮಾನಪ್ಪನ ಕಣ್ಣು ಪರದೆಯ ಕಡೆ ಹೋಯಿತು. ಏಳುನೂರು. ಏಳುನೂರ ಅರವತ್ತು. ಎಂಟುನೂರು. ಎಂಟುನೂರ ಹನ್ನೆರಡಕ್ಕೆ ಬಂದು, ಅಲ್ಲಿಯೇ ಒಂದೆರಡು ಹಿಂದೆ ಮುಂದೆ ಆಡುತ್ತ ನಿಂತಿತು.

"ಬಂತು" ಎಂದರು ಮಂದಾಕಿನಿ. ದನಿಯಲ್ಲಿ ನಿರಾಳವಿತ್ತು. "ಏನ ಹೇಳಿದ್ರೋ ಏನೋ, ಬಂತು. ಸ್ಥಿರ ಅದ. ದಾಖಲೆ ಮಾಡ್ರಿ ಬಡಿಗೇರ."

ಯಂತ್ರಕ್ಕೆ ಅದು ಅಚ್ಚುಕಟ್ಟಾದ ಅಂಕಿ. ರಿಪೇರಿ ಮುಗಿದಿತ್ತು. ಒಂದು ಸಹಿ ಹಾಕಿದರೆ ಕೋರ್ಟಿಲ್ಲ, ವಿಧಾನಸಭೆಯಿಲ್ಲ, ಎರಡನೆಯ ಧ್ವನಿಯೂ ಬೇಕಿಲ್ಲ. ಮುಂದಿನ ವರ್ಷವೂ ನೀಲವ್ವ ಬರುತ್ತಾಳೆ, ಅದರ ಮುಂದಿನ ವರ್ಷವೂ.

"ನೂರ ಬಂತೇನ್ರಿ?" ಎಂದು ನೀಲವ್ವ ಕೇಳಿದಳು.

"ಬಂತ್ರಿ."

"ಇದು ಕಸ್ತೂರಿದಲ್ಲ."

"ಅಲ್ಲರಿ."

"ಇದರಾಗ ನಿಮ್ಮ ಮ್ಯಾಲಿನ ಸಿಟ್ಟ ಐತಿ" ಎಂದಳು, ನೇರವಾಗಿ ಅವನನ್ನು ನೋಡಿ. "ಬಾಳ ಐತಿ. ಇದನ್ನ ನನ್ನ ಮಗಳ ಹೆಸರಲೆ ಬರೀಬ್ಯಾಡ್ರಿ."

ಅವಳೇ ಗಂಟಲಿನ ಪಟ್ಟಿಯನ್ನು ಬಿಚ್ಚಿದಳು. ಮಾನಪ್ಪ ದಾಖಲೆ ಪುಸ್ತಕ ತೆರೆದು, ಆ ವರ್ಷದ ಸಾಲಿನಲ್ಲಿ ‘ಪ್ರಮಾಣ ಲಭ್ಯವಿಲ್ಲ’ ಎಂದು ಬರೆದು ಸಹಿ ಮಾಡಿದ. ಆಚೆಯಿಂದ ಮಂದಾಕಿನಿ ಅವನನ್ನು ಹೆಸರು ಹಿಡಿದು ಎರಡು ಸಲ ಕರೆದರು. ನೀಲವ್ವ ಹೋಗುವಾಗ ಮೇಜಿನ ಮೇಲಿನ ರೊಟ್ಟಿ ಗಂಟನ್ನು ತಿರುಗಿ ತೆಗೆದುಕೊಂಡು ಹೋದಳು.

ಪ್ರಮಾಣಪತ್ರವಿಲ್ಲದ ಯಂತ್ರ ಬಳಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇತ್ತು. ಶೋಕಮಾಪಕಗಳಿಗೆ ಬಟ್ಟೆ ಮುಚ್ಚಿದರು. ಹೊಸ ಪ್ರಮಾಣ ಸಿಗುವವರೆಗೆ ಅರ್ಜಿದಾರರನ್ನು ಕೂಡಿಸಿ, ಏನಾಯಿತು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ರಜೆ ಕೊಡಬೇಕೆಂದು ತಾತ್ಕಾಲಿಕ ಸುತ್ತೋಲೆ ಬಂತು. ಒಂಬತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದೊಂದು ತಾಸು ಹಿಡಿಯತೊಡಗಿತು. ಗಿಳಿ ಹಾರಿಹೋದವರು ಕೂಡ ಗಿಳಿಯ ತಾಯಿ ತಂದೆಯಿಂದ ಶುರುಮಾಡುತ್ತಿದ್ದರು. ಮಾನಪ್ಪನ ಮೇಲೆ ವಿಚಾರಣೆ ಆರಂಭವಾಯಿತು, ಅವನನ್ನು ಮನೆಯಲ್ಲಿ ಕೂಡಿಸಿದರು.

ಮೂರನೆಯ ವಾರ ಅಣ್ಣಿಗೇರಿಯಿಂದ ಫೋನು ಬಂತು. "ನೀವು ಬಡಿಗೇರ ಮನ್ಯಾರು ಹೌದಲ್ಲ" ಎಂದು ನೀಲವ್ವ ಶುರುಮಾಡಿದಳು. ಸಿಟ್ಟು ಇನ್ನೂ ಇತ್ತು, ಮರೆಮಾಚಲಿಲ್ಲ. "ಮಂಚ ಒಳಗ ಜೋಡಿಸಿದ್ದು. ಬಾಗಲಾಗ ಹಾಯಂಗಿಲ್ಲ. ಬಂದು ಬಿಚ್ಚಿ ಕೊಡ್ರಿ."

ಭಾನುವಾರ ಮಾನಪ್ಪ ಅಪ್ಪನ ಉಪಕರಣದ ಚೀಲ ಹೆಗಲಿಗೇರಿಸಿ ಹೊರಟ. ಕರೆಯದಿದ್ದರೂ ಸುವರ್ಣಾ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದಳು.

ಕೋಣೆಯ ಪುಸ್ತಕಗಳನ್ನು ಆಗಲೇ ಕಟ್ಟಿಟ್ಟಿತ್ತು. ಗೋಡೆಯಲ್ಲಿ ಕ್ಯಾಲೆಂಡರಿನ ಜಾಗ ಮಾತ್ರ ಬೆಳ್ಳಗಿತ್ತು. ನೀಲವ್ವ ಅದರ ಹಾಳೆಗಳನ್ನು ಹರಿದು ರೊಟ್ಟಿ ಕಟ್ಟಲು ಇಟ್ಟುಕೊಂಡಿದ್ದಳು. "ತಂಗಿಗೆ ಫೋನ ಮಾಡಿದೆ" ಎಂದಳು ಸುವರ್ಣಾಳಿಗೆ. "ಎತ್ತಿದ್ಳು. ಮಾತಾಡಲಿಲ್ಲ. ಆದ್ರ ಇಡಲೂ ಇಲ್ಲ." ಸುವರ್ಣಾಳನ್ನು ಕರೆದುಕೊಂಡು ಪಕ್ಕದ ಅಡುಗೆಮನೆಗೆ ಹೋದಳು. ಮಾನಪ್ಪ ಮಂಚದ ಕಾಲು ಬಿಚ್ಚಲು ಕೂತ. ತುಕ್ಕು ಹಿಡಿದ ತಿರುಪುಗಳು ಸುಲಭಕ್ಕೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು, ನಡುನಡುವೆ ಮಾತು ಕೇಳುತ್ತಿತ್ತು.

"ಮಕ್ಕಳೆಷ್ಟವ್ವಾ ನಿನಗ?"

ಸುವರ್ಣಾ ತಡೆದು ಉತ್ತರಿಸಿದಳು. "ಒಂದ ಆಗಿತ್ರಿ. ಉಳೀಲಿಲ್ಲ."

"ಎಷ್ಟ ತಿಂಗಳಿತ್ತು?"

"ಐದು ತುಂಬಿತ್ತು."

"ಗಂಡೋ, ಹೆಣ್ಣೋ?"

"ಹೆಣ್ಣು."

"ಹೆಸರ ಇಟ್ಟಿದ್ದೇನು, ಮನಸ್ಸಿನಾಗ?"

ರೊಟ್ಟಿಯ ಸದ್ದು ನಿಂತಿತು. ಮಾನಪ್ಪನ ಕೈಯೂ ನಿಂತಿತು.

"ಇಟ್ಟಿದ್ದೆ" ಎಂದಳು ಸುವರ್ಣಾ. "ಮಲ್ಲಿಕಾ ಅಂತ."

ನಾಲ್ಕು ವರ್ಷ ಅವಳ ಎದುರು ಕೂತು ಉಂಡವನಿಗೆ ಆ ಹೆಸರು ಗೊತ್ತಿರಲಿಲ್ಲ. ಅವನು ತಿರುಪುಳಿಯನ್ನು ನೆಲಕ್ಕಿಟ್ಟು ಎದ್ದು, ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಹೆಂಡತಿಯ ಪಕ್ಕದಲ್ಲಿ ಕೂತ. ನೀಲವ್ವ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

"ಇನ್ನೊಮ್ಮೆ ಹೇಳ" ಎಂದ ಮಾನಪ್ಪ.